ಮೂರನೆಯ ಸಿನಿಮಾ ನೋಡಿ ಬಂದ ಮೇಲೆ

ಅಕ್ಕನ ಗಂಡ ಒಂದು ಬೆಳಿಗ್ಗೆ ಟಿಟ್ವಾಳಾದಲ್ಲಿ ಲೋಕಲ್ ರೈಲು ಹತ್ತಿದವರು ಥಾಣೆಯಲ್ಲಿ ತಾವು ಕೆಲಸಕ್ಕಿದ್ದ ವಾಗ್ಳೆ ಎಸ್ಟೇಟಿನ ಕ್ಯಾಂಟೀನನ್ನು ಮುಟ್ಟಲಿಲ್ಲ, ಮನೆಗೂ ಮರಳಲಿಲ್ಲ. ಪೊಲೀಸರು, ಆಸ್ಪತ್ರೆಗಳು, ಊರಿನ ದೈವದ ಮುಂದೆ ಪ್ರಶ್ನೆ, ಎಲ್ಲವೂ ಆಯಿತು. ಮಕ್ಕಳಿಲ್ಲದ ಅಕ್ಕ ಒಬ್ಬಳೇ ಉಳಿದಳು. ಸೀವುಡ್ಸಿನ ನಮ್ಮ ಮನೆಗೆ ಬಂದುಬಿಡು ಎಂದರೆ ಒಂದೇ ಉತ್ತರ: "ಅವರು ಬಂದಾಗ ಬಾಗಿಲಿಗೆ ಬೀಗ ಇದ್ರೆ ಎಂತ ಮಾಡ್ತಾರೆ?"

ಮರುವರ್ಷ ಅವಳನ್ನು ಹೇಗಾದರೂ ಹೊರಗೆ ಕರೆತರಬೇಕೆಂದು ಥಾಣೆಯ ಫಿಲ್ಮ್ ಸೊಸೈಟಿಯ ಭಾನುವಾರದ ಪ್ರದರ್ಶನಕ್ಕೆ ಕರೆದೊಯ್ದೆ. ಯುರೋಪಿನ ಯಾವುದೋ ಚಳಿದ್ವೀಪದ ಕಥೆ. ಮೂರು ಭಾಗಗಳಲ್ಲಿ ಮೊದಲನೆಯದು. ನಾನು ಏನೂ ವಿಚಾರಿಸದೆ ಹೋಗಿದ್ದೆ. ಅದರಲ್ಲೂ ಮೀನಿಗೆ ಹೋದ ಗಂಡ ಮರಳಿ ಬರಲಿಲ್ಲ. ಎದ್ದುಬಿಡೋಣವೆಂದು ಕೈ ಹಿಡಿದರೆ ಅಕ್ಕ ಕೊಡವಿಕೊಂಡಳು.

ಎರಡನೆಯದು ಬರಲು ಎರಡು ವರ್ಷ ಹಿಡಿಯಿತು. ಆ ಹೆಂಗಸು ಬಂದರಿನಿಂದ ಬಂದರಿಗೆ ಹುಡುಕುತ್ತಲೇ ಇದ್ದಳು. ಹುಡುಕಾಟ ಮುಗಿಯದೆ ಸಿನಿಮಾ ಮುಗಿಯಿತು. ಅಕ್ಕನಿಗೆ ಪರದೆಯ ಕೆಳಗಿನ ಇಂಗ್ಲಿಷ್ ಓದಲು ಬಾರದೆಂದು ನಾನು ಕಿವಿಯಲ್ಲಿ ಹೇಳತೊಡಗಿದರೆ, "ನೀನು ಸುಮ್ಮನಿರು, ನಂಗೆ ಗೊತ್ತಾಗ್ತದೆ" ಎಂದಳು.

ಕಳೆದ ವರ್ಷ ಮೂರನೆಯದು ಬಂತು. ರೈಲಿನಲ್ಲಿ ಅಕ್ಕ ಕೇಳಿದಳು, "ಅವನು ಬರ್ತಾನಾ?"

"ಗೊತ್ತಿಲ್ಲ" ಎಂದೆ. ಗೊತ್ತಿತ್ತು, ವಿಮರ್ಶೆ ಓದಿದ್ದೆ.

ಅವನು ಬರಲಿಲ್ಲ. ಶವವೂ ಸಿಗಲಿಲ್ಲ. ಕೊನೆಗೆ ಆಕೆ ಮನೆ ಗುಡಿಸಿ, ನೆರೆಯವಳ ಕೈಯಲ್ಲಿ ಹೊಸ ವಿಳಾಸದ ಚೀಟಿ ಇಟ್ಟು, ದೋಣಿ ಹತ್ತುತ್ತಾಳೆ. ಸಂಗೀತವಿಲ್ಲ, ಅಳುವೂ ಇಲ್ಲ. ದೀಪ ಹೊತ್ತಿದ ಮೇಲೂ ಸಭಾಂಗಣದಲ್ಲಿ ಯಾರೂ ಬೇಗ ಏಳಲಿಲ್ಲ.

ಹೊರಗೆ ಚಹಾ ತೆಗೆದುಕೊಂಡೆವು. ಅಕ್ಕ ಅಂದಳು: "ಸಿನಿಮಾ ತೆಗೆದವ ಸರಿಯಾಗಿ ಮುಗಿಸಿದ್ದಾನೆ ಮಾರಾಯ್ತಿ. ಆ ಗಂಡನನ್ನು ಕೊಂದಿದ್ರೆ ನಾನು ಒಪ್ತಿರಲಿಲ್ಲ. ಕರ್ಕೊಂಡು ಬಂದಿದ್ರೆ ಅದು ಸುಳ್ಳು."

"ನಮ್ಮಲ್ಲಿಗೆ ಬರ್ತೀಯಾ ಅಕ್ಕ?"

"ನೋಡುವಾ."

ತಿಂಗಳಾದ ಮೇಲೆ ತಾನೇ ಫೋನು ಮಾಡಿದಳು. ನಾನು ಟಿಟ್ವಾಳಾ ಮುಟ್ಟಿದಾಗ ಸಾಮಾನು ಕಟ್ಟಿಯಾಗಿತ್ತು. ಎದುರು ಮನೆಯ ಮರಾಠಿ ಅಜ್ಜಿಗೆ ನನ್ನ ವಿಳಾಸ ಬರೆದ ಕಾಗದ ಕೊಟ್ಟು, "ಮೌಶೀ, ವೋ ಆಯೇ ತೋ ದೇನಾ", ಅವರು ಬಂದರೆ ಕೊಡಿ, ಎನ್ನುತ್ತಿದ್ದಳು. ಅಜ್ಜಿ ಅದನ್ನು ದೇವರ ಫೋಟೋದ ಹಿಂದೆ ಇಟ್ಟು, ಅಕ್ಕನ ಕೆನ್ನೆ ಸವರಿದಳು. ಅಕ್ಕ ಅತ್ತದ್ದು ಆಗ.

ಈಗ ಅವಳು ನನ್ನ ಮಗಳಿಗೆ ತುಳು ಕಲಿಸುತ್ತಾಳೆ. ಮಗಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಅಕ್ಕನ ಹಣೆಯಲ್ಲಿ ಕುಂಕುಮ ಹಾಗೆಯೇ ಇದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ.