ದ್ಯಾವಯ್ಯನಿಗೆ ಸಿಕ್ಕ ಕರಿಗೋಡು

ನನ್ನ ದೊಡ್ಡಪ್ಪ ದ್ಯಾವಯ್ಯ ಜೀವಮಾನವಿಡೀ ಕೆರೆಯ ಗೋಡು, ಅಂದರೆ ತಳದ ಹೂಳು, ತೋಡಿದ. ಅವನ ಜೊತೆ ಗುದ್ದಲಿ ಹಿಡಿದವನು ನಾನು. ಬಾಗೂರು ಕಡೆಯ ನಮ್ಮೂರ ಕೆರೆ ಬೇಸಿಗೆಯಲ್ಲಿ ಬತ್ತಿತೆಂದರೆ ತೋಡುವವರು ನಮ್ಮ ಕೇರಿಯವರು, ಗಾಡಿ ತುಂಬಿಸಿಕೊಳ್ಳುವವರು ಊರಿನವರು. ಮೇಲಿನ ಬೂದು ಮಣ್ಣನ್ನು ಯಾರು ಬೇಕಾದರೂ ಹೊರಬಹುದು. ಅಡಿಯ ಕರಿಗೋಡು ಮಾತ್ರ ಗದ್ದೆಯಿದ್ದವರದ್ದು. ಯಾವ ದೇವರು ಬರೆದುಕೊಟ್ಟನೋ ಈ ಕಟ್ಟಳೆಯನ್ನು!

ಕರಿಗೋಡು ಬರೀ ಮಣ್ಣಲ್ಲ. ಜೊಂಡು, ಪಾಚಿ, ಏರಿ ಮೇಲಿನ ಮರಗಳ ಎಲೆ ನೀರಿಗೆ ಬಿದ್ದು, ಮೇಲೆ ಮಣ್ಣು ಕೂತು, ತಲೆತಲಾಂತರದಿಂದ ಹೂತುಹೋದದ್ದು. ಒಮ್ಮೆ ದೊಡ್ಡಪ್ಪ ಹೆಂಟೆಯೊಂದನ್ನು ಮುರಿದ. ಒಳಗೆ ಇಡೀ ಎಲೆ, ನರದ ಸಮೇತ.

“ನಮ್ಮಜ್ಜ ಉಟ್ಟೋಕ್ ಮುಂಚೆ ಉದುರಿದ್ದು ಕಣ್ಲಾ ಇದು. ಗಾಳಿ ಸೋಕ್ದಂಗೆ ಮುಚ್ಕಂಡಿತ್ತು, ಅದ್ಕೇ ಕರಗಿಲ್ಲ” ಎಂದ. ನೋಡುತ್ತಿದ್ದಂತೆ ಎಲೆ ಕಪ್ಪಾಗಿ ಬೆರಳಿಗೆ ಮೆತ್ತಿತು.

ಐವತ್ತೇಳನೇ ಇಸವಿಯಲ್ಲಿ ಅವನಿಗೆ ಸರ್ಕಾರದ ದರಖಾಸ್ತಿನಲ್ಲಿ ತುಂಡು ಜಮೀನು ಮಂಜೂರಾಯಿತು. ಜಮೀನೇನು ಬಂತು, ಬರೀ ಕಲ್ಲು! ಬಿತ್ತಿದಷ್ಟು ರಾಗಿಯೂ ವಾಪಸ್ ಬರಲಿಲ್ಲ. ಕರಿಗೋಡು ಹೊಡೆದರೆ ಅದು ಹೊಲವಾಗುತ್ತದೆಂಬ ಒಂದೇ ಹಂಬಲ ಅವನಿಗೆ. ಮರುಬೇಸಿಗೆ ಪಟೇಲ ಪುಟ್ಟಸ್ವಾಮಿಗೌಡರ ಮುಂದೆ ಕೈಕಟ್ಟಿ ನಿಂತ.

“ನಾಕ್ ಗಾಡಿ ಗೋಡು ಕೊಡ್ಸಿ ಬುದ್ಧಿ.”

“ಅಲ್ಲಲೇ ದ್ಯಾವ, ಕಲ್ಲಿಗೆ ಬೆಣ್ಣೆ ಬಳೀತೀಯಾ? ಮ್ಯಾಲಿನ ಮಣ್ಣು ಒತ್ಕಂಡೋಗು, ಸಾಕು.”

ಸುತ್ತಲಿದ್ದವರು ಹಲ್ಲು ಕಿರಿದರು. ಆ ನಗು ನನಗಿನ್ನೂ ಮರೆತಿಲ್ಲ.

ದೊಡ್ಡಪ್ಪ ಬೂದು ಮಣ್ಣು ಅಗೆಯುವ ನೆಪದಲ್ಲಿ, ಗೋಡು ತೋಡಿದ ಗುಂಡಿಯ ಗೋಡೆಯನ್ನು ಬುಡದಿಂದ ಕೊರೆಯತೊಡಗಿದ. ಕರಿಗೋಡನ್ನು ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ಬೂದು ಮಣ್ಣು ಮುಚ್ಚಿದರೆ ಏರಿ ಮೇಲೆ ಕಾವಲಿಗಿದ್ದ ಗೌಡರ ಆಳಿಗೆ ಕಾಣದು. ಗೋಡು ತೋಡುವವರು ಯಾರೂ ಹಾಗೆ ಬುಡ ಕೊರೆಯುವುದಿಲ್ಲ. ಅವನಿಗೂ ಅದು ಗೊತ್ತಿತ್ತು, ಆಸೆ ಕೇಳಲಿಲ್ಲ. ಒಂದು ಮಧ್ಯಾಹ್ನ ಗೋಡೆ ಅವನ ಮೇಲೆ ಕುಸಿಯಿತು. ನಾವು ಕೈಯಲ್ಲೇ ಬಗೆದು ಎಳೆದಾಗ ಉಸಿರಿರಲಿಲ್ಲ. ಬಾಯಿ ತುಂಬ ಕರಿಗೋಡು.

ಗೌಡರು ಬಂದು ದೂರ ನಿಂತರು. ಹೆಣದ ಕಡೆಗಲ್ಲ, ಕುಸಿದ ರಾಶಿಯ ಕಡೆಗೆ ನೋಡಿದರು.

“ಥೂ! ಇವ್ನ ಎಣ ಬಿದ್ದಿರೋ ಗೋಡು ನನ್ ಗದ್ದೆಗೆ ಬ್ಯಾಡ. ಅಷ್ಟೂ ಒತ್ಕಂಡೋಗಿ, ಏನಾರಾ ಮಾಡ್ಕಳಿ.”

ಬದುಕಿದ್ದಾಗ ಅವನು ಮುಟ್ಟಿ ತೋಡಿದ ಗೋಡಿಗೆ ಇಲ್ಲದ ಮೈಲಿಗೆ ಸತ್ತಾಗ ಬಂತು!

ಸಮಾಧಿಗೆ ಹಾಲುತುಪ್ಪ ಬಿಟ್ಟ ಮರುದಿನವೇ ಅವನ ಹೆಂಡತಿ, ನಮ್ಮ ದೊಡ್ಡಮ್ಮ ಮುದ್ದಮ್ಮ, ಬುಟ್ಟಿ ಎತ್ತಿದಳು. ಕೇರಿಯವರೆಲ್ಲ ಕೈ ಹಾಕಿ ಆ ರಾಶಿಯನ್ನು ಕಲ್ಲುಜಮೀನಿಗೆ ಸಾಗಿಸಿದೆವು.

ಆ ವರ್ಷ ಅಲ್ಲಿ ರಾಗಿ ಸೊಂಟದೆತ್ತರ ಬಂತು. ಕೊಯ್ಲಿನ ದಿನ ಗೌಡರು ಬದುವಿನ ಮೇಲೆ ನಿಂತು, “ಪರ್ವಾಗಿಲ್ವಲ್ಲೇ ಮುದ್ದಿ, ನಾನ್ ಕೊಟ್ಟ ಗೋಡು ಕೈ ಹಿಡೀತು” ಎಂದರು.

ದೊಡ್ಡಮ್ಮ ಕುಡುಗೋಲು ಹಿಡಿದೇ ತಲೆಯೆತ್ತಿದಳು.

“ನೀವ್ ಕೊಟ್ಟಿದ್ದಲ್ಲ ಬುದ್ಧಿ, ನನ್ ಗಂಡ ಕೊಟ್ಟಿದ್ದು. ನಿಮ್ಗೂ ಇಂತಾ ಬೆಳೆ ಬೇಕಂದ್ರೆ, ನಿಮ್ಮನೇದೂ ಒಂದ್ ಜೀವ ಆ ಗುಂಡಿಗಿಳೀಲಿ” ಎಂದವಳೇ ಬಗ್ಗಿ ಕೊಯ್ಯತೊಡಗಿದಳು.