ಬಲಗಡೆ ತಂತಿಗೆ ಹಳದಿ ದಾರ

ರಾಯದುರ್ಗದಲ್ಲಿ ಇನ್ನೂ ನಸುಕು. ಭೈರವಾನಿತಿಪ್ಪದ ರಸ್ತೆಗಿರುವ ತಗಡಿನ ಶೆಡ್ಡಿನಲ್ಲಿ ಉಜ್ಜಿನಮ್ಮ ಹಳೇ ಕಾಲದ ಜೋಡಿ ಸಿಲಿಂಡರ್ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಿಚ್ಚಿದ ಪ್ಲಗ್ಗನ್ನು ಎಂಜಿನ್ನಿಗೆ ಒರಗಿಸಿ ಹಿಡಿದು, ಗಂಡ ಎರ್ರಪ್ಪನಿಗೆ ಕಿಕ್ ಹೊಡೆಯಲು ಸನ್ನೆ ಮಾಡುತ್ತಾರೆ. ಚಟ್ ಅಂತ ನೀಲಿ ಕಿಡಿ. ಇನ್ನೊಂದು ಪ್ಲಗ್ಗಿನಲ್ಲೂ ನೀಲಿಯೇ. ಕಿಡಿ ಹುಟ್ಟಿಸುವ ಕಾಯಿಲ್‌ಗಳು ಗಟ್ಟಿಯಾಗಿವೆ ಅಂತ ಅರ್ಥ.

"ಬಿಸ್ಲು ಬಿದ್ಮ್ಯಾಲ ಎಲ್ಲಾ ಕಿಡೀನೂ ಒಂದ ಥರ ಕಾಣ್ತಾವ್ರಿ. ಅದಕ್ಕ ನಸಿಕಿನ್ಯಾಗ ನೋಡ್ತೀನಿ" ಅನ್ನುತ್ತಾರೆ ಬೈಕು ತಂದವರಿಗೆ.

ಮೆಕ್ಯಾನಿಕ್ ಆಗಿದ್ದವನು ಎರ್ರಪ್ಪ. ಕೈ ನಡುಕ ಬಂದಮೇಲೆ ಕಾಯಿಲ್‌ಗೆ ಕೂದಲಿನಂಥ ತಾಮ್ರದ ತಂತಿ ಸುತ್ತುವುದು ಅವನಿಂದಾಗಲಿಲ್ಲ. ಮನೆಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದ ಹೆಂಡತಿಯ ಬೆರಳಿಗೆ ಆ ಕೆಲಸ ಒಲಿಯಿತು. ಆದರೂ ಬಂದವರೆಲ್ಲ ಯಜಮಾನರೆಲ್ಲಿ ಅಂತಲೇ ಕೇಳುತ್ತಾರೆ. ಎರ್ರಪ್ಪ ಹೆಂಡತಿಯ ಕಡೆ ಕೈ ತೋರಿಸಿದರೂ ಮಾತಾಡುವುದು ಮಾತ್ರ ಎರ್ರಪ್ಪನ ಜೊತೆಗೇ. ಇದಕ್ಕೆ ಏನನ್ನಬೇಕು?

ಇಂಥ ಬೈಕಿಗೆ ಕಾಯಿಲ್ ಎರಡು, ತಂತಿಯೂ ಎರಡು. ಹಳೇ ಮಾದರಿಯಂತೆ ಎರಡಕ್ಕೂ ಒಂದೇ ಕರಿ ಬಟ್ಟೆಯ ಹೊದಿಕೆ. ಎಡದ್ದು ಬಲಕ್ಕೆ ಸೇರಿದರೆ ಕಿಡಿ ಹೊತ್ತಲ್ಲದ ಹೊತ್ತಿಗೆ ಬಿದ್ದು ಎಂಜಿನ್ ಢಮ್ಮೆನ್ನುತ್ತದೆ. ಅದಕ್ಕೇ ಉಜ್ಜಿನಮ್ಮ ಬಲಗಡೆ ತಂತಿಗೆ ಜೀನ್ಸ್ ಹೊಲಿಯುವ ಹಳದಿ ದಾರ ಬಿಗಿಯುತ್ತಾರೆ.

ಹಳೇ ಬೈಕುಗಳಿಗೆ ಹೊಸ ಹೊಳಪು ಕೊಡುವ ಬೆಂಗಳೂರಿನ ನರೇಶ್ ಕಾಯಿಲ್ ಕೆಲಸವನ್ನೆಲ್ಲ ಇಲ್ಲಿಗೇ ಕಳಿಸುತ್ತಿದ್ದ. ಈ ಬೈಕನ್ನು ಪ್ರದರ್ಶನಕ್ಕೆ ಅಣಿಮಾಡುವಾಗ ಅವನ ವರ್ಕ್‌ಶಾಪಿನವರಿಗೆ ದಾರ ಕೊಳಕಾಗಿ ಕಂಡಿತು, ಕತ್ತರಿಸಿ ಎಸೆದರು. ಮತ್ತೆ ಜೋಡಿಸುವಾಗ ತಂತಿ ಅದಲು ಬದಲಾಯಿತು. ನೆರೆದ ಜನರ ಮುಂದೆ ಬೈಕು ಢಮ್ಮೆಂದು ಹೊಗೆ ಉಗುಳಿ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ರಾಯದುರ್ಗದ ಉಜ್ಜಿನಮ್ಮ ಅಂತ ಒಬ್ಬಳು ಹಳ್ಳಿ ಹೆಂಗಸು, ಅವಳನ್ನು ನಂಬಿದ್ದೇ ತಪ್ಪಾಯಿತು ಎಂದುಬಿಟ್ಟ ನರೇಶ್. ಅಲ್ಲಿಯವರೆಗೆ ಎಲ್ಲೂ ಕೇಳಿಸದ ಹೆಸರು ಅವತ್ತು ಊರೂರು ತಿರುಗಿತು. ಶೆಡ್ಡಿಗೆ ಎಂಜಿನ್ ಬರುವುದು ನಿಂತಿತು.

ಅದೇ ಬೈಕು ಈಗ ಇಲ್ಲಿದೆ. ಮಡಕಶಿರದ ಕಡಲೆಕಾಯಿ ವ್ಯಾಪಾರಿ ರುದ್ರಮುನಿ, ನರೇಶ್‌ಗೆ ಕೊಟ್ಟಿದ್ದ ತಮ್ಮ ತಂದೆಯ ಬೈಕನ್ನು ಟೆಂಪೋಗೆ ಹಾಕಿಕೊಂಡು ಜಗಳಕ್ಕೆಂದೇ ಬಂದಿದ್ದಾರೆ. ಉಜ್ಜಿನಮ್ಮ ವಾದಕ್ಕೆ ನಿಲ್ಲುವುದಿಲ್ಲ. ಪ್ಲಗ್ಗುಗಳನ್ನು ಕೂರಿಸಿ, ತಂತಿ ಎರಡನ್ನೂ ಕಿತ್ತು ಅದಲು ಬದಲು ಮಾಡುತ್ತಾರೆ, ಅಷ್ಟೇ. ಕೈ ನಡುಗಿದರೂ ಎರ್ರಪ್ಪನ ಕಾಲು ಗಟ್ಟಿ, ಕಿಕ್ ಹೊಡೆಯುತ್ತಾನೆ. ಎರಡೂ ಸಿಲಿಂಡರು ಒಂದೇ ಹದದಲ್ಲಿ ಮಾತಾಡತೊಡಗುತ್ತವೆ.

ರುದ್ರಮುನಿಯವರ ಮುಖ ಸಣ್ಣಗಾಗುತ್ತದೆ. ಅಲ್ಲಿಂದಲೇ ನರೇಶ್‌ಗೆ ಫೋನು ಮಾಡುತ್ತಾರೆ. ಹುಡುಗರ ಕೈತಪ್ಪು ಇರಬೇಕು, ಬಿಡಿ ಸಾರ್ ಅನ್ನುತ್ತಾನೆ ಅವನು. ಅವಳದಾದರೆ ತಪ್ಪಿಗೆ ಊರು, ಹೆಸರು ಎಲ್ಲವೂ ಇರುತ್ತದೆ, ತನ್ನದಾದರೆ ಬರೀ ಕೈತಪ್ಪು. ಹೊಟ್ಟೆ ಉರಿಯುವುದು ಇಂಥದ್ದಕ್ಕೇ.

"ತಪ್ಪಾಯ್ತು ಕಣಮ್ಮ. ಏನ್ ಮಾಡ್ಲಿ ಹೇಳು" ಅನ್ನುತ್ತಾರೆ ರುದ್ರಮುನಿ.

ಉಜ್ಜಿನಮ್ಮ ಬಲಗಡೆ ತಂತಿಗೆ ಹೊಸ ಹಳದಿ ದಾರ ಸುತ್ತಿ, ಹಲ್ಲಲ್ಲಿ ತುದಿ ಕಡಿಯುತ್ತಾರೆ.

"ಗಾಡಿ ನಿಂತಾಗ ನನ್ನ ಹೆಸ್ರು ಎಲ್ಲಾರೂ ಹೇಳಿದ್ರಲ್ರೀ ಸಾವ್ಕಾರ್ರ. ಈಗ ಓಡಾಕತ್ತೈತಿ. ಈಗೂ ಅದ ಹೆಸ್ರು ಹೇಳ್ರಿ, ಸಾಕು."