ಮೂಗು ಮುಂದಿದ್ದ ಮೊಸಳೆ

ಹೊಳೆ ದಾಟಿ ಹಮ್ಮಿಗಿಗೆ ಹೋಗುವ ದೋಣಿಗೆ ಕಾಯುತ್ತಾ, ಗದಗದ ಕಾಲೇಜಿಗೆ ಕೊಡಲು ಒಯ್ಯುತ್ತಿದ್ದ ಫಾಸಿಲ್ ತಲೆಬುರುಡೆಯನ್ನು ಬಿಚ್ಚಿದೆ. ಡೈನೋಸಾರ್ ಕಾಲದ್ದು. ತೀರಿಹೋದ ನಮ್ಮವರು ಲೇಬಲ್ ಮೇಲೆ ನೀಟಾಗಿ ‘ಮೊಸಳೆ’ ಎಂದು ಬರೆದಿಟ್ಟಿದ್ದರು. ಅಂಟಿಸುವುದಷ್ಟೇ ನನ್ನ ಡ್ಯೂಟಿ.

ಅಂಬಿಗ ಹುಸೇನಸಾಬರು ಬಗ್ಗಿ ನೋಡಿದರು. “ಮೊಸಳಿ ಅಲ್ರೀ ಅಮ್ಮಾರ. ನಮ್ಮ ಹೊಳಿ ಮೊಸಳಿ ಮೂಗು ಮ್ಯಾಲೈತಿ, ನೀರಾಗ ಮುಣುಗಿ ಉಸಿರಾಡಾಕ. ಇದರದು ನಾಯಿಗತೆ ಮುಂದೈತಿ. ನೆಲದಾಗ ಅಡ್ಡಾಡಿದ್ದು ಇದು.”

“ಬಟ್ ನಮ್ಮವರು ಜಿಯಾಲಜಿಸ್ಟ್!”

“ಈ ಹೊಳಿಗೆ ಬಂದಿದ್ರೇನ್ರಿ?”

ಬಂದಿರಲಿಲ್ಲ. ಆದರೂ ಅವರ ಅಕ್ಷರವನ್ನು ತಪ್ಪೆನ್ನಲು ಮನಸ್ಸಾಗಲಿಲ್ಲ. “ಹಾಗಾದರೆ ಇದು ಏನು, ಸಾಬರೇ?”

“ಹಲ್ಲು ನೋಡಿದ್ರ ಮೊಸಳಿ ಕಾಕಾನ ಮಗ ಇರಬೇಕು. ಕಾಲೂ ತಂದಿದ್ರ ಖರೆ ಹೇಳ್ತಿದ್ದೆ.”

ಬ್ರಶ್ಶಿನಲ್ಲಿ ಗೋಂದು ಒಣಗಿತು. ದೋಣಿ ಹೊರಟಿದೆ, ನಮ್ಮವರ ಲೇಬಲ್ ಇನ್ನೂ ನನ್ನ ಕೈಯಲ್ಲೇ ಇದೆ.